ಕೂರಿಗಿ ಬಿಟ್ಟು ಸಾಲು ತಿದ್ದಿದ್ದು

ಶಲವಡಿಯ ರೈತರು ಬರೆದು ಕಳಿಸುವ ಬಿತ್ತನೆಯ ವಿವರ ಓದಲು ಒಂದು ಪ್ರೋಗ್ರಾಮ್ ಮಾಡುತ್ತಿದ್ದೆ. ನಾನು ನಿಯಮ ಬರೆದುಕೊಟ್ಟರೆ ಕೋಡನ್ನು ಒಂದು ಟೂಲ್ ತಾನೇ ತಯಾರಿಸುತ್ತಿತ್ತು. ಮರುದಿನವೇ ಬಿತ್ತನೆ ಶುರು. ಆದರೆ ವಿವರದಲ್ಲಿ ಕಡಲೆಯ ನಡುವೆ ಕುಸುಬೆಯ ಸಾಲು ಬಂದರೆ ಸಾಕು, ಪ್ರೋಗ್ರಾಮ್ ನಿಂತುಬಿಡುತ್ತಿತ್ತು. ತಯಾರಾದ ಕೋಡನ್ನೇ ಕೈಯಿಂದ ತಿದ್ದಿದೆ. ಟೂಲ್ ಮತ್ತೆ ಓಡಿಸಿದಾಗ ತಿದ್ದಿದ್ದೆಲ್ಲ ಅಳಿಸಿಹೋಯಿತು. ಮೂರು ಸಲ ಹೀಗೇ ಆಯಿತು.

ಊರಿನ ಒಂದು ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಅಲ್ಲೇ ಆ ಮನೆಯ ಕಾಕಾ ಬಿತ್ತುವ ಕೂರಿಗಿ ರಿಪೇರಿ ಮಾಡುತ್ತಿದ್ದರು. "ಏನ್ ಕೆಟ್ಟೈತ್ರಿ?" ಎಂದರು. ಎಲ್ಲ ಹೇಳಿದೆ.

"ಬೀಜ ನೆಟ್ಟಗ ಬೀಳಲಿಲ್ಲಂದ್ರ ನಾವು ಹೊಲದಾಗ ಸಾಲು ತಿದ್ದಕೋತ ಕುಂಡ್ರೂದಿಲ್ರಿ. ಕೂರಿಗಿ ತಿದ್ದತೀವಿ," ಎಂದು ಕಾಕಾ ನಕ್ಕರು.

ನಿಯಮದಲ್ಲೇ ಕುಸುಬೆಗೆ ಜಾಗ ಮಾಡಿಕೊಟ್ಟೆ. ಸರಿಹೋಯಿತು.

ಕೈಯಿಂದ ತಿದ್ದಬೇಡಿ ಎಂದು ಆ ಕೋಡಿನ ಮೊದಲ ಸಾಲಿನಲ್ಲೇ ಬರೆದಿತ್ತು. ಮೂರು ಸಲವೂ ಓದಿದ್ದೆ. ಆದರೆ ಅದು ಕಾಕಾನ ಹಾಗೆ ಮುಖ ನೋಡಿ ನಕ್ಕಿರಲಿಲ್ಲ.