ಉಪ್ಪು ನೋಡುವವರು ಯಾರು

ಟೀಚರಿಗೆ ಬಲಗಡೆಯ ಹುಬ್ಬು ಇರಲಿಲ್ಲ. ಯಾವುದೋ ಹೋಟೆಲಿನಲ್ಲಿ ಗ್ಯಾಸ್ ಭಗ್ಗೆಂದು ಹತ್ತಿಕೊಂಡು ಸುಟ್ಟುಹೋಗಿತ್ತಂತೆ. ಬೆಳಿಗ್ಗೆ ಪೆನ್ಸಿಲಿನಿಂದ ಬರೆದುಕೊಂಡು ಬರುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅದು ಬೆವರಿನ ಜೊತೆ ಕೆನ್ನೆಗೆ ಇಳಿದಿರುತ್ತಿತ್ತು. ನಾನು ಪಾಠಕ್ಕಿಂತ ಅದನ್ನೇ ಹೆಚ್ಚು ನೋಡುತ್ತಿದ್ದೆ.

"ನನ್ ಮುಖದಲ್ಲೇನಿದೆ ಅಮ್ಮಾ? ಅಲ್ಲಿ ಈರುಳ್ಳಿ ಸೀಯ್ತಾ ಇದೆ" ಎಂದು ಬೈಯುತ್ತಿದ್ದಳು.

ಕೆಲಸವಿಲ್ಲದವರಿಗೆ ಬಿಟ್ಟಿಯಾಗಿ ನೂರಾರು ಜನರ ದೊಡ್ಡ ಅಡುಗೆ ಕಲಿಸುವ ಕ್ಲಾಸು ಅದು, ಅಮೆರಿಕದ ಸನ್ನಿವೇಲ್ ಊರಿನಲ್ಲಿ. ಗಂಡ ಸತ್ತ ಮೇಲೆ ನಾನು ತಂಗಿಯ ಮನೆಯ ಸೋಫಾದ ಮೇಲೆ ಮಲಗುತ್ತಿದ್ದೆ. ತಂಗಿಯ ಗಂಡ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಟಿವಿಯ ಸದ್ದು ಮಾತ್ರ ದಿನದಿಂದ ದಿನಕ್ಕೆ ಏರಿಸುತ್ತಿದ್ದ. ಕೆಲಸ ಸಿಗದಿದ್ದರೆ ನನಗೆ ಬೇರೆ ಜಾಗವಿರಲಿಲ್ಲ.

ಟೀಚರು ಬೆಂಗಳೂರಿನ ಮುಸ್ಲಿಮರ ಹೆಣ್ಣುಮಗಳು. ಎಲ್ಲರಿಗೂ ಇಂಗ್ಲಿಷಿನಲ್ಲಿ ಹೇಳಿ, ಆಮೇಲೆ ನನ್ನ ಹತ್ತಿರ ಬಂದು ಕನ್ನಡದಲ್ಲಿ ಹೇಳುತ್ತಿದ್ದಳು. "ಮೂಗನ್ನ ನಂಬ್ಬೇಡಿ, ನಾಲಿಗೇನ ಕೇಳಿ" ಎನ್ನುವುದು ಆಕೆಯ ನಿತ್ಯದ ಮಾತು. ನಾನೋ, ದೇವರಿಗೆ ಎಡೆ ಹಿಡಿಯುವ ಮೊದಲು ಅಡುಗೆ ಬಾಯಿಗೆ ಹಾಕಿಕೊಂಡವಳೇ ಅಲ್ಲ. ನನ್ನ ಪಾತ್ರೆಯ ರುಚಿಯನ್ನು ಆಕೆಯೇ ನೋಡಿ ಉಪ್ಪು, ಖಾರ ಹೇಳುತ್ತಿದ್ದಳು. ಹಾಗೇ ನಡೆದಿತ್ತು.

ಕೊನೆಯ ದಿನ ಪರೀಕ್ಷೆ. ಮುದುಕರನ್ನು ಹಗಲು ಹೊತ್ತು ನೋಡಿಕೊಳ್ಳುವ ಡೇಕೇರಿನ ಮ್ಯಾನೇಜರು ಉಣ್ಣಲು ಬರುವವಳಿದ್ದಳು. ಯಾರ ಅಡುಗೆ ಹಿಡಿಸುತ್ತದೋ ಅವರಿಗೆ ಅಲ್ಲಿ ಕೆಲಸ. ಹಿಂದಿನ ಸಂಜೆಯೇ ಚಂದ್ರ ಕಂಡು ರಂಜಾನ್ ಶುರುವಾಗಿಬಿಟ್ಟಿತ್ತು.

ನನ್ನ ಸಾರು ಕುದಿಯುತ್ತಿತ್ತು. ಟೀಚರು ಬಂದು ನಿಂತಳು. "ರುಚಿ ನೋಡಿದ್ರಾ?"

"ನೀವ ನೋಡ್ರಿ, ಟೀಚರ್."

"ನಂಗೆ ಉಪವಾಸ. ಹನಿ ನೀರೂ ಇಲ್ಲ."

"ದೇವರಿಗೆ ಎಡಿ ಹಿಡೀದ ನನಗ ಆಗಂಗಿಲ್ರೀ."

ಆಕೆ ಸೊಂಟದ ಮೇಲೆ ಕೈಯಿಟ್ಟಳು. "ನಾನೂ ತಿನ್ನಲ್ಲ, ನೀವೂ ತಿನ್ನಲ್ಲ. ಹಂಗಾದ್ರೆ ಉಪ್ಪು ನೋಡೋರು ಯಾರಮ್ಮಾ, ಗೋಡೆನಾ?"

ನನಗೆ ನಗು ಬಂತು. ಆಕೆಗೆ ಬರಲಿಲ್ಲ. ಒಂದು ಬಟ್ಟಲು ತಂದು ಮುಂದಿಟ್ಟಳು. "ನಿಮ್ಮ ದೇವರ ಪಾಲು ಮೊದ್ಲು ತೆಗೆದಿಡಿ. ಕೈ ಮುಗೀರಿ. ಆಮೇಲೆ ಬಾಯಿಗೆ ಹಾಕ್ಕೊಳ್ಳಿ."

"ದೇವರ ಪಾಲಿನಾಗ ಉಪ್ಪು ತಪ್ಪಿದ್ರ?"

"ಇಷ್ಟು ವರ್ಷ ನೀವು ನೋಡದೇ ಬಡಿಸಿದ್ದನ್ನ ತಿಂದಿಲ್ವಾ ಅವ್ನು? ಇವತ್ತೇನು ಹೊಸದಾ?"

ತೆಗೆದಿಟ್ಟೆ. ಕೈ ಮುಗಿದೆ. ಚಮಚದಿಂದ ನಾಲಿಗೆಗೆ ಬಿಟ್ಟುಕೊಂಡೆ. ಸಾರಿಗೆ ಉಪ್ಪೇ ಹಾಕಿರಲಿಲ್ಲ.

ಹಾಕಿದೆ. ಕೆಲಸ ಸಿಕ್ಕಿತು.

ಸಂಜೆ ಪಾರ್ಕಿಂಗಿನಲ್ಲಿ, ಕಾರಿನ ಬಾಗಿಲು ತೆರೆದು ಕೂತು ಟೀಚರು ಖರ್ಜೂರ ತಿಂದು ಉಪವಾಸ ಬಿಟ್ಟಳು. ಉಳಿದ ಸಾರನ್ನು ಲೋಟದಲ್ಲಿ ಕೊಟ್ಟೆ. ದಿನವಿಡೀ ಅಷ್ಟೊಂದು ಒಲೆಗಳ ನಡುವೆ ಹಸಿದು ನಿಂತವಳ ಹೊಟ್ಟೆ ಏನನ್ನುತ್ತದೆ ಎಂದು ತಿಳಿಯುವ ಆಸೆ ನನಗೆ. ಅದನ್ನು ಕೇಳಲು ಬಾಯಿ ಬರದೆ "ಹ್ಯಾಂಗ ಆಗೇತ್ರೀ?" ಅಂದೆ.

ಲೋಟ ಖಾಲಿ ಮಾಡಿ ಹೇಳಿದಳು: "ಉಪ್ಪು ಸರಿಯಿದೆ. ಹುಣಸೆಹುಳಿ ಜಾಸ್ತಿ."

ಮರುವರ್ಷ ಆ ಕ್ಲಾಸು ಮುಚ್ಚಿತು. ಹೋದ ಚಳಿಗಾಲದಲ್ಲಿ ಟೀಚರು ತೀರಿಕೊಂಡಳು. ಸುದ್ದಿ ಬಂದಾಗ ನಾನು ಡೇಕೇರಿನಲ್ಲಿ ಬಡಿಸುತ್ತಿದ್ದೆ. ಪಂಕ್ತಿ ಮುಗಿಸಿಯೇ ಆಕೆಯ ಮನೆಗೆ ಹೋದೆ. ಈಗ ಸಾರಿಗೆ ಹುಳಿ ಕಡಿಮೆ ಹಾಕುತ್ತೇನೆ. ಮುದುಕರು ಚೆನ್ನಾಗಿದೆ ಎನ್ನುತ್ತಾರೆ. ನನ್ನ ಬಾಯಿಗೆ ಮಾತ್ರ ಸಪ್ಪೆ.