ಗಿಣ್ಣ ತಿಂದವಳು

ನನ್ನ ಮೊದಲನೇ ಮಗಳು ಹುಟ್ಟಿದ್ದು ಎಪ್ಪತ್ತರ ದಶಕದ ಆರಂಭದಲ್ಲಿ, ನಾವು ಮುಂಬಯಿಯ ಸಯನ್‌ನ ಎರಡು ಕೋಣೆಯ ಮನೆಯಲ್ಲಿದ್ದಾಗ. ಆ ದಿನಗಳ ಬಗ್ಗೆ ಯಾರಾದರೂ ಕೇಳಿದರೆ ನಲ್ಲಿ ನೀರಿನ ಜಗಳದ ಕಥೆ ಹೇಳುತ್ತೇನೆ, ಲೋಕಲ್ ಟ್ರೇನಿನಲ್ಲಿ ಸೀರೆ ಸಿಕ್ಕಿಕೊಂಡ ಕಥೆ ಹೇಳುತ್ತೇನೆ, ನಗಿಸುತ್ತೇನೆ. ಗಿಣ್ಣದ ಕಥೆಯನ್ನು ಮಾತ್ರ ಮನೆಯಲ್ಲಿ ಇಂದಿಗೂ ಬಾಯಿಬಿಟ್ಟು ಹೇಳಿಲ್ಲ. ಹಾಗಂತ ನಾನೇನು ಮೂಗಿಯಲ್ಲ. ನಮ್ಮ ಬಿಲ್ಡಿಂಗಿನ ಗ್ಯಾಲರಿಯಲ್ಲಿ, ಎಲ್ಲ ಮನೆಗಳ ಮುಂದಿನ ಉದ್ದ ಪಡಸಾಲೆಯಲ್ಲಿ, ನನ್ನ ಬಾಯಿಗೆ ಹೆದರದವರೇ ಇರಲಿಲ್ಲ. ಬೇಕಾದ ಹೊತ್ತಿಗೇ ಆ ಬಾಯಿಗೆ ಬೀಗ ಬಿತ್ತು, ಏನು ಮಾಡುತ್ತೀರಿ!

ತವರಿನಲ್ಲಿ ನನಗೆ ತಾಯಿ ಇರಲಿಲ್ಲ. ಹಾಗಾಗಿ ಚೊಚ್ಚಲ ಬಾಣಂತನ ಮಾಡಲು ಧಾರವಾಡದಿಂದ ಅತ್ತೆಯೇ ಬಂದರು. ಎರಡು ತಗಡಿನ ಡಬ್ಬಿ ತುಂಬ ಅಂಟಿನ ಉಂಡೆ, ಒಂದು ಗಂಟಿನಲ್ಲಿ ಅಳವಿ ಬೀಜ, ಮತ್ತೊಂದರಲ್ಲಿ ಒಣಕೊಬ್ಬರಿ, ಬಜೆ, ಹಿಂಗು. ಬಾಣಂತಿ ಎಂದರೆ ಹಾಲು, ಹಾಲು ಎಂದರೆ ಬಾಣಂತಿ ಎನ್ನುವುದು ಅವರ ಲೆಕ್ಕ. ಬೆಳಿಗ್ಗೆ ಎದ್ದ ಕೂಡಲೇ ಒಂದು ದೊಡ್ಡ ಲೋಟ ಬಿಸಿ ಎಮ್ಮೆ ಹಾಲು, ಹತ್ತು ಗಂಟೆಗೆ ಹಾಲಿನಲ್ಲಿ ಬೇಯಿಸಿದ ಅಳವಿ ಪಾಯಸ, ಊಟಕ್ಕೆ ಹಾಲನ್ನ, ಮಲಗುವಾಗ ಮತ್ತೆ ಹಾಲು. ನಾನು ಸಾಕು ಅಂದರೆ, "ನಿನಗಲ್ಲವ್ವಾ ಇದು, ನನ್ನ ಮೊಮ್ಮಗಳಿಗೆ. ಸುಮ್ನ ಕುಡಿ" ಎನ್ನುತ್ತಿದ್ದರು. ತಾಯಿ ಇಲ್ಲದವಳು ಎಂದು ಅವರು ಒಂದು ತುತ್ತು ಹೆಚ್ಚೇ ಬಡಿಸುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಅಷ್ಟು ಅಕ್ಕರೆಯಿಂದ ನನಗೆ ಅದುವರೆಗೆ ಯಾರೂ ಉಣಿಸಿರಲಿಲ್ಲ.

ಎರೆಯುವಾಕೆಯೂ ನಮ್ಮ ಕಡೆಯವಳೇ ಸಿಕ್ಕಳು. ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ನೀರು ಹಾಕುವವಳಿಗೆ ನಾವು ಹಾಗೆನ್ನುವುದು. ವಿಜಾಪುರದ ಹಳ್ಳಿಯವಳು, ಐವತ್ತರ ಹತ್ತಿರದ ವಯಸ್ಸು. ಗಂಡನ ಹಿಂದೆ ಕಟ್ಟಡದ ಕೆಲಸಕ್ಕೆ ಮುಂಬಯಿಗೆ ಬಂದು, ಇಟ್ಟಿಗೆ ಹೊತ್ತೂ ಹೊತ್ತೂ ಸೊಂಟ ಹೋದ ಮೇಲೆ ಈ ಕೆಲಸ ಹಿಡಿದಿದ್ದಳು. ನಮ್ಮ ಬಿಲ್ಡಿಂಗಿನಲ್ಲೇ ಇನ್ನೂ ಎರಡು ಮನೆ ಹಿಡಿದಿದ್ದಳು. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡಳೆಂದರೆ ಮಗಳು ಅಳುವುದನ್ನೇ ಮರೆಯುತ್ತಿದ್ದಳು. ನೀರು ಹಾಕುವ ಮೊದಲು ತೋರುಬೆರಳಿಗೆ ಎಣ್ಣೆ ಸವರಿಕೊಂಡು ಕೂಸಿನ ಬಾಯೊಳಗೆ ಆಡಿಸಿ ನಾಲಿಗೆ ಸ್ವಚ್ಛ ಮಾಡುವುದು ಆಕೆಯ ರೂಢಿ. ಆಗೆಲ್ಲ ಎರೆಯುವವರು ಹಾಗೇ ಮಾಡುತ್ತಿದ್ದರು.

ಕೂಸಿಗೆ ತಿಂಗಳು ತುಂಬುವಷ್ಟರಲ್ಲಿ ತ್ರಾಸು ಶುರುವಾಯಿತು. ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಮೊಣಕಾಲು ಹೊಟ್ಟೆಗೆ ಎಳೆದುಕೊಂಡು ಕಿಟಾರನೆ ಕಿರುಚುತ್ತಿದ್ದಳು. ಹೊಟ್ಟೆ ಮುಟ್ಟಿದರೆ ಬಿಗಿ. ಲಂಗೋಟಿಯಲ್ಲಿ ಹಸಿರು, ಲೋಳೆ. ಅತ್ತೆ ಹೊಕ್ಕುಳ ಸುತ್ತ ಹಿಂಗು ಹಚ್ಚಿದರು, ಬಜೆ ತೇದು ನೆಕ್ಕಿಸಿದರು, ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದರು. ನನಗೆ ಹಾಲು ಸಾಲದೇನೋ ಎಂದು ಇನ್ನೊಂದು ಲೋಟ ಹೆಚ್ಚಿಸಿದರು. ಗ್ಯಾಲರಿಯ ಹೆಂಗಸರು ಒಬ್ಬೊಬ್ಬರೂ ಇಣುಕಿ, "ತಾಯಿ ಹಾಲೇ ಕೆಟ್ಟದ್ದಿರಬೇಕು, ಡಬ್ಬಿ ಹಾಲು ಹಾಕಿ" ಎಂದು ಹೋದರು. ಅದು ನನ್ನ ಎದೆಗೇ ಚುಚ್ಚಿತು. ಮಗುವಿಗೆ ಕುಡಿಸಲು ಸೆರಗು ಎಳೆದುಕೊಳ್ಳುವಾಗಲೆಲ್ಲ ನಾನೇ ಅವಳನ್ನು ಹಿಂಸೆ ಮಾಡುತ್ತಿದ್ದೇನೇನೋ ಅನ್ನಿಸುತ್ತಿತ್ತು.

ಒಂದು ದಿನ ಲಂಗೋಟಿಯಲ್ಲಿ ಕೆಂಪು ನೂಲಿನೆಳೆಯಷ್ಟು ರಕ್ತ ಕಂಡಿತು. ಸ್ಟೇಷನ್ ಹತ್ತಿರ ದವಾಖಾನೆ ಇಟ್ಟಿದ್ದ ಮುದುಕ ಗುಜರಾತಿ ಡಾಕ್ಟರ ಬಳಿಗೆ ಓಡಿದೆವು. ಅವರು ಕೂಸಿನ ಹೊಟ್ಟೆ ಒತ್ತಿ ನೋಡಿ, ತೂಕ ಮಾಡಿ, ನನ್ನ ಕಡೆ ತಿರುಗಿ, "ಮಾ ಕ್ಯಾ ಖಾತೀ ಹೈ?" ಎಂದರು. ನಾನು ತಿನ್ನುವುದನ್ನೆಲ್ಲ ಅತ್ತೆ ಹೆಮ್ಮೆಯಿಂದ ಒಂದೊಂದೇ ಹೇಳಿದರು. ಡಾಕ್ಟರು ಕೈ ಎತ್ತಿ ನಿಲ್ಲಿಸಿದರು. ಕೆಲವು ಕೂಸುಗಳಿಗೆ ತಾಯಿ ಕುಡಿದ ದನದ ಹಾಲು, ಎಮ್ಮೆ ಹಾಲು ಎದೆಹಾಲಿನ ಮೂಲಕ ಹೋಗಿ ಒಗ್ಗುವುದಿಲ್ಲ. ಇದು ಅದೇ ಅಂತ ಖಾತ್ರಿ ಹೇಳಲಾರೆ, ಆದರೆ ನೋಡೋಣ ಎಂದರು. ಮೊಲೆಹಾಲು ಬಿಡಿಸಬೇಡಿ, ಡಬ್ಬಿ ಹಾಲು ಬೇಡವೇ ಬೇಡ. ತಾಯಿ ಮಾತ್ರ ಹಾಲು, ಮೊಸರು, ಖೋವಾ, ಹಾಲಿನದು ಅನ್ನುವುದೆಲ್ಲ ಬಂದ್ ಮಾಡಬೇಕು. ಹದಿನೈದು ದಿನ. ಗುಣ ಕಂಡರೆ ನಾನು ಹೇಳುವವರೆಗೂ ಮುಟ್ಟುವಂತಿಲ್ಲ.

ಮನೆಗೆ ಬಂದು ಅತ್ತೆ ಅಡುಗೆಮನೆಯ ಮೂಲೆಯಲ್ಲಿ ಕೂತರು. "ನಾನs ನನ್ನ ಕೈಯಾರೆ ಕೂಸಿಗೆ ವಿಷಾ ಹಾಕಿಧಂಗಾತಲ್ಲ" ಎಂದು ಅತ್ತರು. ಮರುದಿನದಿಂದ ತಾವೂ ಹಾಲು ಬಿಟ್ಟರು. ದಿನಕ್ಕೆ ನಾಲ್ಕು ಸಲ ಚಹಾ ಕುಡಿಯುವ ಹೆಂಗಸು, ನನ್ನ ಎದುರು ಕೂತು ಕರಿ ಚಹಾ ನುಂಗುತ್ತಿದ್ದರು. "ನೀ ಬಾಯಿ ಕಟ್ಟಿ ಕೂತಾಗ ನಾ ಹೆಂಗ ಕುಡೀಲಿ?" ಎಂದರು. ಹತ್ತು ದಿನದಲ್ಲಿ ಮಗಳು ಹೂವಿನಂತಾದಳು. ಹೊಟ್ಟೆ ಮೆತ್ತಗಾಯಿತು, ಲಂಗೋಟಿ ಹಳದಿಗೆ ತಿರುಗಿತು. ನನ್ನನ್ನು ನೋಡಿ ಮೊದಲ ಸಲ ನಕ್ಕಳು.

ಕೂಸು ಸುಖವಾಯಿತು, ನಾನು ಮಾತ್ರ ಹಸಿವೆಯಿಂದ ಸಾಯುತ್ತಿದ್ದೆ. ಕುಡಿಸುವ ತಾಯಿಯ ಹಸಿವೆ ಎಂಥದ್ದೆಂದು ಅನುಭವಿಸಿದವರಿಗೇ ಗೊತ್ತು. ಉಂಡೆದ್ದ ಅರ್ಧ ತಾಸಿಗೆ ಹೊಟ್ಟೆ ಮತ್ತೆ ಕರೆಯುತ್ತದೆ.

ಹಾಲು ಬಿಟ್ಟು ಇಪ್ಪತ್ತು ದಿನವಾಗಿರಬೇಕು. ಮೊದಲು ನಮಗೆ ಹಾಲು ಹಾಕುತ್ತಿದ್ದ ಭೈಯಾ, ಗೋರೆಗಾಂವ್ ಕಡೆಯ ಎಮ್ಮೆ ಕೊಟ್ಟಿಗೆಯ ತಬೇಲಾದವನು, ಎಮ್ಮೆ ಈದಿದೆ ಎಂದು ಒಂದು ತಂಬಿಗೆ ಗಿಣ್ಣದ ಹಾಲು ತಂದುಕೊಟ್ಟ. ಈದ ಎಮ್ಮೆಯ ಮೊದಲ ಹಾಲನ್ನು ಬೇಡ ಎನ್ನಬಾರದೆಂದು ಅತ್ತೆಯ ನಂಬಿಕೆ. ಬೆಲ್ಲ, ಯಾಲಕ್ಕಿ ಹಾಕಿ ಉಗಿಯಲ್ಲಿ ಬೇಯಿಸಿದರು. ಚೌಕಾಕಾರವಾಗಿ ಕೊಯ್ದು, ತಾಟು ಮುಚ್ಚಿ ಜಾಳಿಗೆ ಕಪಾಟಿನಲ್ಲಿಟ್ಟು, "ಸಂಜೀಕ ಗ್ಯಾಲರಿಯವರಿಗೆ ಹಂಚತೀನಿ. ನೀ ಆ ಕಡೆ ನೋಡಬ್ಯಾಡ ನೋಡವಾ" ಎಂದು ನನ್ನ ಗಲ್ಲ ಸವರಿ, ಮಧ್ಯಾಹ್ನ ಪಕ್ಕದ ಬಿಲ್ಡಿಂಗಿನ ಅರಿಶಿನ ಕುಂಕುಮಕ್ಕೆ ಹೋದರು.

ಯಾಲಕ್ಕಿಯ ವಾಸನೆ ಕೋಣೆ ತುಂಬಿತ್ತು. ನನ್ನ ತಾಯಿ ಸಾಯುವ ವರ್ಷ ಮಾಡಿಕೊಟ್ಟದ್ದೇ ನಾನು ತಿಂದ ಕೊನೆಯ ಗಿಣ್ಣ. ಇದನ್ನು ಸಬೂಬು ಅಂತ ಹೇಳುತ್ತಿಲ್ಲ. ಆ ಹೊತ್ತಿಗೆ ತಾಯಿಯ ನೆನಪು ಬಂತು ಅಂತ ನಾನೇ ನನಗೆ ಹೇಳಿಕೊಂಡೆ, ಅಷ್ಟೆ. ನಿಜವಾಗಿ ಬಂದದ್ದು ಬಾಯಲ್ಲಿ ನೀರು. ಒಂದು ಚೂರು ತಿಂದರೆ ಏನಾಗುತ್ತದೆ, ಡಾಕ್ಟರೇನು ದೇವರೇ, ಖಾತ್ರಿ ಇಲ್ಲ ಅಂತ ಅವರೇ ಹೇಳಲಿಲ್ಲವೇ? ಕಪಾಟಿನ ಮುಂದೆ ನಿಂತೇ ಒಂದು ತಿಂದೆ. ಮತ್ತೊಂದು. ಆಮೇಲೆ ಎಣಿಸಲಿಲ್ಲ. ಥೂ ನನ್ನ ಜನ್ಮಕ್ಕಿಷ್ಟು! ಕೈಬೆರಳು ನೆಕ್ಕುತ್ತ ತಿರುಗಿದರೆ ಬಾಗಿಲಲ್ಲಿ ಎರೆಯುವಾಕೆ ನಿಂತಿದ್ದಳು.

ಅವತ್ತು ಬೆಳಿಗ್ಗೆ ನಲ್ಲಿ ಬಂದಿರಲಿಲ್ಲ, ಅದಕ್ಕೆ ಮಧ್ಯಾಹ್ನ ಬಾ ಎಂದು ಅತ್ತೆಯೇ ಹೇಳಿದ್ದರು. ನನಗೆ ಮರೆತಿತ್ತು. ಆಕೆ ಒಳಗೆ ಹೋಗಿ ನೀರು ಕಾಯಲಿಟ್ಟಳು. ನಾನು ಹೊರಕೋಣೆಗೆ ಬಂದು ಕೂಸಿನ ಪಕ್ಕ ಮಲಗಿ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದೆ. ಕೂಸಿಗೆ ಎಣ್ಣೆ ತಿಕ್ಕುವಾಗ ಆಕೆ ಮೆಲ್ಲಗೆ, "ಅಕ್ಕಾವ್ರ, ಹಸಿವ್ಯಾದ್ರ ನನಗ ಹೇಳ್ರಿ. ಶೇಂಗಾ ಬೆಲ್ಲಾ ತಂದು ಕೊಡತೀನಿ. ಅದು ಕೂಸಿಗೆ ಏನೂ ಮಾಡಂಗಿಲ್ಲ" ಎಂದಳು. ನಾನು ಗೋಡೆಯ ಕಡೆ ಹೊರಳಿದೆ. ನನ್ನನ್ನು ನೋಡಿಬಿಟ್ಟಳಲ್ಲ ಎಂದು ಸಿಟ್ಟು ಬಂದಿತ್ತು, ನೋಡಿ.

ಸಂಜೆ ಅತ್ತೆ ತಾಟು ತೆರೆದರು. "ಗಿಣ್ಣ ಅರ್ಧಕ್ಕರ್ಧ ಇಲ್ಲಲ್ಲ! ಯಾರು ತಿಂದ್ರು?"

"ನನಗೇನು ಗೊತ್ರಿ, ನಾ ಮಲಗಿದ್ದೆ" ಎಂದೆ. ಎಷ್ಟು ಸರಾಗವಾಗಿ ಬಂತು ಆ ಸುಳ್ಳು! ಅತ್ತೆ ಒಂದು ಗಳಿಗೆ ಯೋಚಿಸಿ, "ಆಕಿನೇ. ನೀರು ಕಾಸಾಕ ಒಳಗ ಒಬ್ಬಾಕಿನೇ ಇದ್ದಳು. ಕೇಳಿದ್ರ ನಾನs ಕೊಡತಿದ್ದೆ" ಎಂದು ಉಳಿದದ್ದನ್ನು ಹಂಚಲು ಎತ್ತಿಕೊಂಡರು. ಮಾತು ಅಲ್ಲಿಗೇ ಮುಗಿಯಿತೆಂದು ನಾನೂ ಸಮಾಧಾನ ಮಾಡಿಕೊಂಡೆ.

ಮುಗಿಯಲಿಲ್ಲ. ಮರುದಿನ ಸಂಜೆಗೆ ಕೂಸು ಮತ್ತೆ ಕಾಲು ಎಳೆದುಕೊಳ್ಳತೊಡಗಿತು. ಅದರ ಮರುದಿನ ಲಂಗೋಟಿಯಲ್ಲಿ ಅದೇ ಕೆಂಪು ಎಳೆ. ಅತ್ತೆ ಅದನ್ನು ಕೈಯಲ್ಲಿ ಹಿಡಿದು ನಿಂತರು. ಮನೆಯಲ್ಲಿ ಹಾಲಿನ ಹನಿ ಇಲ್ಲ, ಸೊಸೆ ವ್ರತದಂತೆ ಇದ್ದಾಳೆ, ಮತ್ತೆ ಹೇಗೆ ಬಂತು? ಅವರ ತಲೆಯಲ್ಲಿ ಎರಡೂ ಸಂಗತಿ ಒಂದಕ್ಕೊಂದು ಕೂಡಿಕೊಂಡವು. "ಗಿಣ್ಣ ತಿಂದ ಕೈ ತೊಳಕೊಂಡಿಲ್ಲ ಆಕಿ! ಅದೇ ಬಟ್ಟು ಕೂಸಿನ ಬಾಯಾಗ ಇಟ್ಟಾಳ!" ಎಂದರು. ತಿಂದ ಕೈ ನನ್ನದೆಂದು ನನಗೆ ಗೊತ್ತಿತ್ತು. ಬಾಯಿ ಮಾತ್ರ ತೆರೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಆಕೆ ಬಂದಳು. ಅತ್ತೆ ಹೊಸ್ತಿಲಲ್ಲೇ ತಡೆದರು. ಗ್ಯಾಲರಿಯಲ್ಲಿ ನೀರು ತುಂಬುತ್ತಿದ್ದ ಹೆಂಗಸರೆಲ್ಲ ಕೊಡ ಹಿಡಿದೇ ನಿಂತು ನೋಡಿದರು. ಅತ್ತೆ ಹೇಳಿದ್ದನ್ನೆಲ್ಲ ಕೇಳಿ ಆಕೆ, "ನಾ ತಿಂದಿಲ್ರೀ ಅಮ್ಮಾರ" ಎಂದಳು, ಒಂದೇ ಸಲ.

"ಹಂಗಾರ ಯಾರು ತಿಂದ್ರು? ಬಾಣಂತಿ ತಿಂದಳೇನು?"

ಆಕೆ ಅತ್ತೆಯ ಹೆಗಲ ಮೇಲಿಂದ ನನ್ನತ್ತ ನೋಡಿದಳು. ನಾನು ಕೂಸಿನ ಕಾಲಿಗೆ ಕಟ್ಟಿದ್ದ ಕರಿ ದಾರ ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದೆ. ಒಂದು ಮಾತು ಸಾಕಿತ್ತು, "ನಾನs ತಿಂದೀನ್ರಿ" ಅಂತ. ಅತ್ತೆ ಬೈಯುತ್ತಿದ್ದರು, ಅಳುತ್ತಿದ್ದರು, ಮತ್ತೇನು ಮಾಡುತ್ತಿದ್ದರು? ಕೊಲ್ಲುತ್ತಿದ್ದರೇ? ಆದರೆ ನನಗೋಸ್ಕರ ಕರಿ ಚಹಾ ಕುಡಿಯುವ ಆ ಹೆಂಗಸಿನ ಎದುರು, ಅಷ್ಟು ಜನ ಕೊಡ ಹಿಡಿದು ನೋಡುವಾಗ, ಹೆತ್ತ ಕೂಸಿಗಿಂತ ನನಗೆ ನಾಲಿಗೆ ಹೆಚ್ಚಾಯಿತು ಎಂದು ಒಪ್ಪಿಕೊಳ್ಳಲು ಆಗಲಿಲ್ಲ. ಆಕೆ ಬಾಯಿಬಿಟ್ಟರೆ ಮುಗಿಯಿತು ಎಂದು ಆ ದಾರವನ್ನೇ ತಿರುವುತ್ತ ಕೂತೆ.

ಆಕೆ ಬಾಯಿ ಬಿಡಲಿಲ್ಲ. "ಯಾರರ ತಿಂದಿರಲಿ, ಕೂಸು ಆರಾಮಾಗ್ಲಿ" ಎಂದು, ನಡುವಿಗೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದಳು.

ಅದೇ ವಾರ ಉಳಿದ ಎರಡು ಮನೆಯವರೂ ಆಕೆಯನ್ನು ಬಿಡಿಸಿದರು. ಕೂಸಿನ ಬಾಯಲ್ಲಿ ಬೆರಳಿಡುವವಳ ಕೈ ಕೆಟ್ಟದ್ದು ಎಂದ ಮೇಲೆ ಯಾರು ಕರೆಯುತ್ತಾರೆ? ನಾನು ಮತ್ತೆ ಹಾಲಿನದು ಯಾವುದನ್ನೂ ಮುಟ್ಟಲಿಲ್ಲ, ಮಗಳಿಗೆ ವರ್ಷ ತುಂಬುವವರೆಗೂ ಮುಟ್ಟಲಿಲ್ಲ. ಅವಳು ಮೈಕೈ ತುಂಬಿಕೊಂಡು ಆಡತೊಡಗಿದಳು. ಅದನ್ನು ನೋಡಿ ಅತ್ತೆ ಬಂದವರಿಗೆಲ್ಲ, "ನೋಡ್ರಿ, ಆಕೀನ್ನ ಬಿಡಿಸಿದ ಮ್ಯಾಲೆ ಹೆಂಗ ಆರಾಮಾತು!" ಎಂದು ಸಾಕ್ಷಿ ಸಮೇತ ಹೇಳುತ್ತಿದ್ದರು. ನನ್ನ ಮಗಳ ಆರೋಗ್ಯವೇ ಆಕೆಯ ಮೇಲಿನ ಸಾಕ್ಷಿಯಾಯಿತು. ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ಎರಡು ವರ್ಷದ ಮೇಲೆ ಅತ್ತೆ ಧಾರವಾಡದಲ್ಲಿ ತೀರಿಕೊಂಡರು, ಹಾಗೇ ನಂಬಿಕೊಂಡು.

ಮಗಳನ್ನು ಶಾಲೆಗೆ ಹಾಕಿದ ವರ್ಷ. ಅವಳ ಕೈ ಹಿಡಿದು ಬಸ್ ಸ್ಟಾಪಿಗೆ ಹೋಗುತ್ತಿದ್ದೆ. ದಾರಿಯಲ್ಲಿ ಹೊಸ ಬಿಲ್ಡಿಂಗ್ ಏಳುತ್ತಿತ್ತು. ತಲೆಯ ಮೇಲೆ ಉಸುಕಿನ ಬುಟ್ಟಿ, ಒಂದು ಕೈ ಸೊಂಟದ ಮೇಲೆ. ಬಗ್ಗಿಕೊಂಡು ನಡೆಯುತ್ತಿದ್ದ ಮುದುಕಿಯನ್ನು ನೋಡಿ ನನ್ನ ಕಾಲು ನಿಂತವು. ಆಕೆಯೂ ಗುರುತು ಹಿಡಿದಳು. ಬುಟ್ಟಿ ಇಳಿಸಿ ಹತ್ತಿರ ಬಂದಳು.

"ಅಕ್ಕಾವ್ರ! ಆ ಕೂಸಾ ಇದು? ಎಷ್ಟ್ ದೊಡ್ಡದಾಗೈತಿ! ಈಗ ಹಾಲು ಕುಡೀತಾಳೇನ್ರಿ?"

"ಕುಡೀತಾಳ" ಎಂದೆ.

ಆಕೆಯ ಮುಖ ಅರಳಿತು. ಮಗಳ ಗಲ್ಲ ಮುಟ್ಟಲು ಕೈ ಚಾಚಿದಳು. ಕೈ ಅರ್ಧಕ್ಕೇ ನಿಂತಿತು. ಸಿಮೆಂಟಿಗೆ ಬಿರಿದ ಬೆರಳುಗಳನ್ನು ಒಮ್ಮೆ ನೋಡಿಕೊಂಡು, ಸೆರಗಿಗೆ ಒರೆಸಿಕೊಂಡು, ನನ್ನನ್ನು ಕೇಳಿದಳು: "ಮುಟ್ಲೇನ್ರಿ?"

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಮಗಳ ಕೈಯನ್ನು ಆಕೆಯ ಕೈಯಲ್ಲಿಟ್ಟೆ. ಅಲ್ಲೇ, ರಸ್ತೆಯಲ್ಲೇ ಅಳುತ್ತ, "ಅವತ್ತು ತಿಂದಾಕಿ ನಾನs. ತಪ್ಪಾತು" ಎಂದೆ.

ಆಕೆ ಮಗಳ ಬೆರಳುಗಳನ್ನು ಒಂದೊಂದಾಗಿ ನೀವುತ್ತ, ಸಿಟ್ಟಿಲ್ಲದೆ ಹೇಳಿದಳು: "ನನಗ ಗೊತ್ತೈತಲ್ರಿ. ನನಗ್ಯಾಕ ಹೇಳತೀರಿ? ನಿಮ್ಮ ಗ್ಯಾಲರಿಯವರಿಗೆ ಹೇಳಬೇಕಿತ್ತು."

ಕೆಲಸ ನೋಡಿಕೊಳ್ಳುವ ಮುಕಾದಮ ಕೂಗಿದ. ಆಕೆ ಬುಟ್ಟಿ ಎತ್ತಿಕೊಂಡು ಹೋದಳು.

ಮಗಳನ್ನು ಶಾಲೆಗೆ ಬಿಟ್ಟು ಮನೆಗೆ ಬಂದೆ. ಗ್ಯಾಲರಿಯಲ್ಲಿ ಅದೇ ಹೆಂಗಸರು ನಲ್ಲಿಗೆ ಸಾಲಾಗಿ ನಿಂತಿದ್ದರು. ಎದುರು ಮನೆಯಾಕೆ ನನ್ನ ಮುಖ ನೋಡಿ, "ಏನಾಯ್ತು ವಹಿನಿ, ಕಣ್ಣು ಯಾಕೆ ಕೆಂಪಾಗಿವೆ?" ಎಂದಳು. ಎಲ್ಲರೂ ತಿರುಗಿ ನೋಡಿದರು, ಕೊಡ ಹಿಡಿದು, ಅವತ್ತಿನಂತೆಯೇ.

"ಬಿಸಿಲು" ಎಂದು ಒಳಗೆ ಹೋದೆ.