ಅವಳ ಎಂಬತ್ತು

ನಂಬ್ತೀರಾ? ಬೇಡ, ನಂಬ್ಲೇಬೇಡಿ. ಕಾರು ಓಡ್ತಿರೋದು ನೂರರ ಸ್ಪೀಡಲ್ಲಿ, ಹಿಂದೆ ಒಂದು ಪೂರ್ತಿ ಮನೆ ಕಟ್ಕೊಂಡು. ಪಕ್ಕದಲ್ಲಿ ಕೂತಿರೋ ಹೆಂಡ್ತಿ ಮಾತ್ರ ಅರವತ್ತರಲ್ಲಿ ಹೋಗ್ತಿದೀವಿ ಅಂದ್ಕೊಂಡು ಹಾಯಾಗಿ ಕೋಡುಬಳೆ ಮುರೀತಿದಾಳೆ. ಇಂಥದ್ದನ್ನ ಮಾಡಿ ತೋರ್ಸಿರೋ ಗಂಡಸು ಇಡೀ ಆಸ್ಟ್ರೇಲಿಯಾದಲ್ಲಿ ಇನ್ನೊಬ್ಬ ಇದ್ರೆ ಕರ್ಕೊಂಡ್ಬನ್ನಿ, ಅವನಿಗೆ ನಾನೇ ಕಾಫಿ ಬೆರೆಸಿ ಕೊಡ್ತೀನಿ.

ಗಣಿ ಕೆಲಸದಿಂದ ರಿಟೈರ್ ಆದ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ತಗೊಂಡೆ. ಒಳಗಡೆ ಮಂಚ, ಒಲೆ, ಫ್ರಿಜ್ಜು, ಬೀರು ಎಲ್ಲಾ ಇರೋ ಚಕ್ರದ ಮನೆ. ಕಾರಿನ ಹಿಂದೆ ಸಿಗ್ಸ್ಕೊಂಡು ಪರ್ತ್‌ನಿಂದ ಸ್ಯಾಲಿಸ್‌ಬರಿಯಲ್ಲಿರೋ ಮಗಳ ಮನೆ ತನಕ, ಅಂದ್ರೆ ಅಡಿಲೇಡ್ ತನಕ, ರೋಡಲ್ಲೇ ಹೋಗೋಣ ಅಂದೆ. ಪ್ಲೇನಲ್ಲಿ ಹೋಗಿ ಹೋಗಿ ಮೋಡ ನೋಡಿದ್ದೇ ಆಯ್ತು, ಊರು ನೋಡ್ಲೇ ಇಲ್ಲ ಅನ್ನೋದು ನನ್ನ ವಾದ.

ನಮ್ಮನೆಯವಳು ಡ್ರೈವ್ ಮಾಡೋದು ಪರ್ತ್‌ನ ಮೋರ್ಲಿಯಲ್ಲಿರೋ ನಮ್ಮ ಮನೆಯಿಂದ ಮೋರ್ಲಿ ಶಾಪಿಂಗ್ ಸೆಂಟರಿಗೆ, ಅಷ್ಟೇ. ಅಲ್ಲೇ ಒಂದು ಬಟ್ಟೆ ಅಂಗಡೀಲಿ ಎಷ್ಟೋ ವರ್ಷ ಕೆಲ್ಸ ಮಾಡಿದ್ಲು. ಹೈವೇ ಅಂದ್ರೆ ಅವಳಿಗೆ ಎದೆ ಡವಡವ. ಅದಕ್ಕೇ ಹೊರಡೋ ಮುಂಚೆ, ಕ್ಯಾನಿಂಗ್ ವೇಲ್‌ನಲ್ಲಿ ಗಾಡಿ ಎಳೆಯೋದು ಹೇಗೆ ಅಂತ ಅರ್ಧ ದಿನ ಹೇಳ್ಕೊಡೋ ಒಂದು ಕ್ಲಾಸಿಗೆ ನನ್ನನ್ನ ಎಳ್ಕೊಂಡು ಹೋದ್ಲು. ಹೇಳ್ಕೊಡ್ತಿದ್ದ ಹೆಂಗಸು ಹೇಳಿದ್ದಿಷ್ಟು. ರೋಡ್ ಪಕ್ಕದ ಬೋರ್ಡು ಇದಕ್ಕಿಂತ ಜೋರಾಗಿ ಹೋಗ್ಬೇಡಿ ಅನ್ನುತ್ತೆ, ಇಷ್ಟರಲ್ಲೇ ಹೋಗಿ ಅನ್ನಲ್ಲ. ಸ್ಟೇರಿಂಗ್ ಹಿಡಿದ ಕೈ ಬಿಗಿಯಾಗದೇ ಇರೋ ಸ್ಪೀಡೇ ನಿಮ್ಮ ಸ್ಪೀಡು. ಗಾಳಿ ಜಾಸ್ತಿ ಆದ್ರೆ ಅದನ್ನೂ ಇಳಿಸಿ. ನಾನು ಹಿಂದಿನ ಸಾಲಲ್ಲಿ ಕೂತು, ಪಕ್ಕದ ಪಂಜಾಬಿ ಮುದುಕನ ಟೋಪಿ ಬಚ್ಚಿಟ್ಟು ಆಟ ಆಡ್ತಿದ್ದೆ. ಅವಳು ಮುಂದಿನ ಸಾಲಲ್ಲಿ ಕೂತು ಕೇಳಿಸ್ಕೊಂಡ್ಲು.

ವಾಪಸ್ ಬರ್ತಾ ಅಂದ್ಲು: "ನೋಡ್ರೀ, ಎಂಬತ್ತು. ಅದಕ್ಕಿಂತ ಒಂದು ಜಾಸ್ತಿ ಹೋದ್ರೂ ನಾನು ಅಲ್ಲೇ ಇಳಿದು ಬಸ್ ಹಿಡೀತೀನಿ."

"ಆಗ್ಲಿ ಮಹಾರಾಯ್ತಿ," ಅಂದೆ.

ಮೊದಲ್ನೇ ದಿನ ಎಂಬತ್ತರಲ್ಲೇ ಹೋದೆ. ಹಿಂದೆ ಗಾಡಿಗಳ ಮೆರವಣಿಗೆ. ಒಬ್ಬೊಬ್ಬನೂ ದಾಟ್ಕೊಂಡು ಹೋಗೋವಾಗ ನನ್ನ ಮುಖ ನೋಡ್ಕೊಂಡು ಹೋಗೋನು. ಗಣಿಯಲ್ಲಿ ಮನೆ ಗಾತ್ರದ ಟ್ರಕ್ಕುಗಳ ಜೊತೆ ಕಾಲ ಕಳೆದ ನನಗೆ ಇದೆಂಥಾ ಅವಮಾನ! ಅವತ್ತು ಸಾಯಂಕಾಲ ಅವಳು ಒಗ್ಗರಣೆ ಹಾಕ್ತಿದ್ದಾಗ ಕಾರಲ್ಲಿ ಕೂತ್ಕೊಂಡು ಸೆಟ್ಟಿಂಗ್ಸ್ ಒತ್ತಿದೆ. ನಮ್ಮ ಕಾರಲ್ಲಿ ಸ್ಪೀಡ್ ತೋರ್ಸೋ ಮುಳ್ಳಿಲ್ಲ, ಸ್ಕ್ರೀನ್ ಮೇಲೆ ದೊಡ್ಡದಾಗಿ ನಂಬರ್ ಬರುತ್ತೆ ಅಷ್ಟೇ. ಕಿಲೋಮೀಟರ್ ತೆಗೆದು ಮೈಲಿ ಮಾಡ್ಬಿಟ್ಟೆ. ನೂರು ಕಿಲೋಮೀಟರ್ ಸ್ಪೀಡಲ್ಲಿ ಹೋದ್ರೆ ಅರವತ್ತೆರಡು ಅಂತ ತೋರ್ಸುತ್ತೆ. ಕೆಳಗೆ ಮೈಲಿ ಅಂತ ಇರುತ್ತೆ, ಆದ್ರೆ ಅದು ಇರುವೆಯಷ್ಟು.

ಮಾರನೇ ದಿನ ಅವಳು ಬಗ್ಗಿ ನೋಡಿದ್ಲು. ಅರವತ್ತೆರಡು. ಮುಖ ಅರಳ್ತು.

"ಏನ್ರೀ, ನಾನು ಎಂಬತ್ತು ಅಂದ್ರೆ ನೀವು ಅರವತ್ತಕ್ಕೇ ಇಳಿದ್ಬಿಟ್ರಲ್ಲ!"

"ನಿನಗೋಸ್ಕರ ಕಣೇ," ಅಂದೆ.

ಈ ಮಾತು ಬರೀತಾ ನನ್ನ ಕಿವಿ ಬಿಸಿ ಆಗ್ತಿದೆ. ನಿನಗೋಸ್ಕರ ಅಂದೆ ನಾನು. ಅವಳು ನನ್ನ ಭುಜ ಸವರಿ ಕೋಡುಬಳೆ ಡಬ್ಬಿ ತೆಗೆದ್ಲು.

ಸರ್ವೋದಲ್ಲಿ, ಅಂದ್ರೆ ಇಲ್ಲಿನ ಪೆಟ್ರೋಲ್ ಬಂಕಲ್ಲಿ, ಪೆಟ್ರೋಲ್ ಹಾಕ್ತಾ ಬ್ರಿಸ್ಬೇನ್‌ನಲ್ಲಿರೋ ನನ್ನ ಹಳೇ ದೋಸ್ತಿಗೆ ಫೋನ್ ಮಾಡಿ ಎಲ್ಲಾ ವರದಿ ಒಪ್ಪಿಸ್ದೆ. ಅವನು ಬಿದ್ದು ಬಿದ್ದು ನಕ್ಕ. "ನಿನ್ನಂಥ ಕಳ್ಳ ಇನ್ನೊಬ್ಬ ಇಲ್ಲ ಬಿಡೋ," ಅಂದ. ಅದೇ ನನಗೆ ಬೇಕಾಗಿದ್ದ ಬಿರುದು.

ಮೂರನೇ ದಿನ ನಲ್ಲರ್ಬಾರ್ ಬಯಲು. ಮರ ಇಲ್ಲ, ಗುಡ್ಡ ಇಲ್ಲ, ಗಾಳಿಗೆ ಅಡ್ಡ ಅನ್ನೋದೇ ಇಲ್ಲ. ಬೆಳಿಗ್ಗೆ ನೀರಿನ ಕ್ಯಾನ್ ಎತ್ತೋಕೆ ಹೋಗಿ ನನ್ನ ಬೆನ್ನು ಕಟಕ್ ಅಂತು. ಬಗ್ಗೋಕೂ ಆಗ್ಲಿಲ್ಲ, ನೆಟ್ಟಗಾಗೋಕೂ ಆಗ್ಲಿಲ್ಲ.

"ನಾನು ಓಡಿಸ್ತೀನಿ ಬಿಡಿ," ಅಂದ್ಲು.

"ನೀನಾ?"

"ಇಷ್ಟು ನಿಧಾನಕ್ಕೆ ಹೋಗೋದಾದ್ರೆ ಯಾರ್ ಬೇಕಾದ್ರೂ ಓಡಿಸ್ಬಹುದು. ಹತ್ತಿ."

ಆಗ್ಲೇ ಹೇಳ್ಬೇಕಿತ್ತು. ಒಂದೇ ಒಂದು ಮಾತು. ಆದ್ರೆ ಅವಳು ಸೀಟ್ ಮುಂದಕ್ಕೆ ಎಳ್ಕೊಂಡು, ಕನ್ನಡಿ ಸರಿ ಮಾಡ್ಕೊಂಡು, ದೇವ್ರಿಗೆ ಕೈ ಮುಗಿದು ಹೊರಟಾಗ ಅವಳ ಮುಖದಲ್ಲಿ ಒಂದು ಧೈರ್ಯ ಇತ್ತು. ಎಂದೂ ನೋಡಿರ್ಲಿಲ್ಲ ನಾನು ಅದನ್ನ. ಅರವತ್ತು ದಾಟಲ್ಲ ಬಿಡು, ಮುಂದಿನ ಸರ್ವೋದಲ್ಲಿ ಹೇಗಾದ್ರೂ ಬದಲಾಯಿಸ್ತೀನಿ ಅಂತ ಸುಮ್ನಾದೆ.

ಅರವತ್ತು ಬಂತು. ಅರವತ್ತೈದು ಬಂತು.

"ಸ್ವಲ್ಪ ನಿಧಾನ," ಅಂದೆ.

"ಇನ್ನೂ ಎಂಬತ್ತು ಎಲ್ಲಿ, ನಾನೆಲ್ಲಿ! ನೋಡ್ರೀ, ಇವತ್ತು ಯಾರೂ ನಮ್ಮನ್ನ ದಾಟ್ಕೊಂಡು ಹೋಗ್ತಾನೇ ಇಲ್ಲ. ಜನ ಎಷ್ಟು ತಾಳ್ಮೆಯಿಂದ ಬರ್ತಿದಾರೆ."

ಯಾರೂ ದಾಟ್ತಿರ್ಲಿಲ್ಲ, ನಿಜ. ಹೇಗೆ ದಾಟ್ತಾರೆ? ಸ್ಕ್ರೀನಲ್ಲಿ ಎಪ್ಪತ್ತು. ಅಂದ್ರೆ ನೂರಹನ್ನೆರಡು. ಅವಳ ಲೆಕ್ಕದಲ್ಲಿ ಇನ್ನೂ ಹತ್ತು ಬಾಕಿ ಇದೆ. ಅವಳು ಎಂಬತ್ತಕ್ಕೆ ಬಂದ್ರೆ ಅದು ನೂರಿಪ್ಪತ್ತೆಂಟು ಆಗುತ್ತೆ. ಹಿಂದೆ ಒಂದೂವರೆ ಟನ್ನಿನ ಮನೆ.

"ಟೈರಲ್ಲಿ ಏನೋ ಸದ್ದು ಬರ್ತಿದೆ ಕಣೇ, ನಿಲ್ಲಿಸು."

"ನಿನ್ನೆ ಕ್ಯಾಂಗರೂ ಬಂತು ಅಂತ ಕಿರುಚಿದ್ರಿ. ಅದಕ್ಕೂ ಮುಂಚೆ ಇಂಜಿನ್‌ನಲ್ಲಿ ಹೊಗೆ ಅಂದ್ರಿ. ಸಾಕು ತಮಾಷೆ."

"ಈಗ ನಿಜ ಹೇಳ್ತಿದೀನಿ."

"ನಿನ್ನೇನೂ ಹಂಗೇ ಅಂದ್ರಿ."

ಎಪ್ಪತ್ತೈದು. ಹೇಳೋಕೆ ಹೊರಟಾಗೆಲ್ಲ ಅವಳು ಭುಜ ಸವರಿದ್ದು ನೆನಪಾಗೋದು. ಅವಳ ಬೈಗುಳಕ್ಕೆ ನಾನು ಯಾವತ್ತೂ ಹೆದರಿಲ್ಲ. ಆ ಧೈರ್ಯದ ಮುಖ ಬಾಡಿಹೋಗುತ್ತಲ್ಲ, ಅದಕ್ಕೆ ಹೆದರಿದೆ ಅಂತ ಹೇಳ್ಕೊಳ್ಬಹುದು. ಹಂಗಲ್ಲ. ನನ್ನ ಮುಖ ಬಾಡೋದಕ್ಕೇ ಹೆದರಿದ್ದು.

ಅಷ್ಟರಲ್ಲಿ ಎದುರಿಂದ ಒಂದು ರೋಡ್ ಟ್ರೇನ್ ಬಂತು. ಒಂದೇ ಲಾರಿಗೆ ಮೂರು ಲಾರಿಯಷ್ಟು ಡಬ್ಬ ಸಿಗ್ಸಿರ್ತಾರಲ್ಲ, ಅದು. ಅದು ಪಕ್ಕದಲ್ಲಿ ಹಾದುಹೋದ ಗಾಳಿಗೆ ನಮ್ಮ ಕ್ಯಾರವಾನ್ ಎಡಕ್ಕೆ ವಾಲ್ತು, ಆಮೇಲೆ ಬಲಕ್ಕೆ, ಮತ್ತೆ ಎಡಕ್ಕೆ, ಒಂದಕ್ಕಿಂತ ಒಂದು ಜೋರು. ಕಾರಿನ ಹಿಂಭಾಗ ಯಾರೋ ಹಿಡ್ಕೊಂಡು ಜಾಲಾಡ್ಸಿದಂಗೆ. ಕನ್ನಡೀಲಿ ಒಂದ್ಸಲ ಕ್ಯಾರವಾನಿನ ಕಿಟಕಿ ಕಾಣ್ಸೋದು, ಒಂದ್ಸಲ ಬರೀ ಆಕಾಶ.

"ಬ್ರೇಕ್! ಬ್ರೇಕ್ ಹಾಕೇ!" ಅಂತ ಕಿರುಚಿದೆ ನಾನು, ನಲವತ್ತು ವರ್ಷದ ಅನುಭವಸ್ಥ.

ಅವಳು ಹಾಕ್ಲಿಲ್ಲ. ಆಕ್ಸಿಲರೇಟರ್‌ನಿಂದ ಕಾಲು ತೆಗೆದ್ಲು. ಸ್ಟೇರಿಂಗನ್ನ ನೇರಕ್ಕೆ ಹಿಡಿದು ಸುಮ್ನೆ ಕೂತ್ಲು. ನಾನು ಇನ್ನೂ ಕಿರುಚ್ತಾನೇ ಇದ್ದೆ. ನಂಬರ್ ಇಳೀತಾ ಬಂತು, ಹಿಂದಿನ ಒದ್ದಾಟವೂ ಇಳೀತು. ಬ್ರೇಕ್ ಹಾಕಿದ್ರೆ ಹಿಂದಿನ ಮನೆ ನಮ್ಮ ಮೇಲೆ ಮಡಚ್ಕೊಳ್ಳುತ್ತೆ ಅಂತ ಆ ಕ್ಲಾಸಲ್ಲಿ ಹೇಳಿದ್ರಂತೆ. ನಾನು ಟೋಪಿ ಬಚ್ಚಿಡ್ತಿದ್ದೆನಲ್ಲ, ಆವಾಗ.

ರೋಡ್ ಪಕ್ಕದ ಜಾಗದಲ್ಲಿ ಗಾಡಿ ನಿಲ್ಲಿಸಿದ್ಲು. ಕ್ಯಾರವಾನ್ ಬಾಗಿಲು ತೆಗೆದ್ರೆ ಬೀರು ಬಾಯಿ ತೆರ್ಕೊಂಡಿದೆ, ಸಾರಿನ ಪುಡಿ ಡಬ್ಬಿ ಒಡೆದು ಹಾಸಿಗೆ ಮೇಲೆಲ್ಲಾ, ನೆಲದ ಮೇಲೆಲ್ಲಾ ಕೆಂಪು. ಅವಳು ಮಂಚದ ತುದೀಲಿ ಕೂತ್ಲು.

"ಎಪ್ಪತ್ತೈದಕ್ಕೇ ಹಿಂಗಾಯ್ತಲ್ರೀ," ಅಂದ್ಲು. "ನೀವಾದ್ರೆ ಇಂಥಾ ಕಡೆ ಅರವತ್ತರಲ್ಲಿ ಹೋಗ್ತಿದ್ರಿ. ನನಗೇ ಕೊಬ್ಬು. ನನ್ನ ಕೈಲಿ ಆಗಲ್ಲ. ಇನ್ನು ಮೋರ್ಲಿಗೂ ನೀವೇ ಕರ್ಕೊಂಡು ಹೋಗಿ, ನಾನು ಸ್ಟೇರಿಂಗ್ ಮುಟ್ಟಲ್ಲ."

ಜೀವಮಾನದಲ್ಲಿ ನಾನು ಎಷ್ಟೋ ಜನರನ್ನ ಬೇಸ್ತು ಬೀಳಿಸಿದೀನಿ. ಬಿದ್ದೋರು ಯಾರೂ ನನ್ನನ್ನ ಹೊಗಳಿ, ತಮ್ಮನ್ನ ತಾವು ಬೈಕೊಂಡಿರ್ಲಿಲ್ಲ. ನೆಲದ ಮೇಲಿನ ಸಾರಿನ ಪುಡಿ ಬಿಟ್ಟು ಇನ್ನೇನನ್ನೂ ನೋಡೋಕಾಗ್ಲಿಲ್ಲ ನನಗೆ. ಬೆನ್ನು ನೋವಿತ್ತೋ ಇಲ್ವೋ, ಅದೂ ಗೊತ್ತಾಗ್ಲಿಲ್ಲ.

ಅವಳ ಮುಂದೆ ಕೆಳಗೇ ಕೂತೆ. "ತಪ್ಪು ನಿಂದಲ್ಲ ಕಣೇ," ಅಂದೆ. "ಅದು ಮೈಲಿ. ನಾನೇ ಬದಲಾಯಿಸಿದ್ದೆ. ನೀನು ನೂರಿಪ್ಪತ್ತರಲ್ಲಿದ್ದೆ. ಆ ಸ್ಪೀಡಲ್ಲಿ ಅದನ್ನ ಹಿಡಿದು ನಿಲ್ಲಿಸಿದೀಯ. ಸ್ಟೇರಿಂಗ್ ನನ್ನ ಕೈಲಿದ್ದಿದ್ರೆ ಇಬ್ರೂ ಸತ್ತಿರ್ತಿದ್ವಿ."

ಅವಳು ಬೈಲಿಲ್ಲ. ಎದ್ದು ಪೊರಕೆ ತಗೊಂಡು ಹಾಸಿಗೆ ಕೊಡವಿದ್ಲು. ಕೈ ತೊಳ್ಕೊಂಡ್ಲು. ಆಮೇಲೆ ಕಾರಿನ ಡ್ರೈವರ್ ಸೀಟಲ್ಲಿ ಕೂತು, "ಸರಿ ಮಾಡಿ ಅದನ್ನ," ಅಂದ್ಲು. ಮಾಡ್ದೆ. ಅಲ್ಲಿಂದ ಅಡಿಲೇಡ್ ತನಕ ಅವಳೇ ಓಡಿಸಿದ್ಲು, ನಿಜವಾದ ಎಂಬತ್ತರಲ್ಲಿ. ಗಾಳಿ ಎದ್ರೆ ಎಪ್ಪತ್ತು. ಹಿಂದೆ ಸಾಲು ಬೆಳೆದ್ರೆ ಜಾಗ ನೋಡಿ ಪಕ್ಕಕ್ಕೆ ತಗೊಂಡು ಎಲ್ಲರನ್ನೂ ಮುಂದೆ ಬಿಡೋಳು. ಕ್ಯಾರವಾನ್ ಹಿಂದಿದೆ ಅನ್ನೋದೇ ಮರೆತುಹೋಗೋ ಹಂಗೆ ಬಂತು. ಅಷ್ಟು ಹಾಯಾದ ಪ್ರಯಾಣದಲ್ಲಿ ನನಗೆ ಮಾತ್ರ ಕೂರೋಕೆ ಜಾಗ ಸಾಲ್ತಿರ್ಲಿಲ್ಲ.

ಸ್ಯಾಲಿಸ್‌ಬರಿಯಲ್ಲಿ ಮಗಳು ಹಾಸಿಗೆ ಮೇಲಿನ ಕೆಂಪು ಕಲೆ ನೋಡಿ, "ಇದೇನಮ್ಮಾ?" ಅಂದ್ಲು.

"ದಾರೀಲಿ ಗಾಳಿ ಜೋರಿತ್ತು," ಅಂದ್ಲು ಅವಳು. ನನ್ನ ಕಡೆ ತಿರುಗಲೂ ಇಲ್ಲ.

ಬ್ರಿಸ್ಬೇನ್ ದೋಸ್ತ್ ಫೋನ್ ಮಾಡಿ, ಹೇಗೋಯ್ತೋ ನಿನ್ನ ಮೈಲಿ ನಾಟ್ಕ ಅಂತ ಕೇಳ್ದ. ಸಿಗ್ನಲ್ ಇಲ್ಲ ಅಂತ ಇಟ್ಬಿಟ್ಟೆ.

ಇದೆಲ್ಲಾ ನಡೆದಿದ್ದೇ. ರೋಡ್ ಟ್ರೇನ್ ನಿಜ, ಬ್ರೇಕ್ ಅಂತ ಕಿರುಚಿದ್ದು ನಿಜ, ಸಾರಿನ ಪುಡಿ ನಿಜ. ಒಂದು ಮಾತ್ರ ನಾನು ಸೇರಿಸಿದ್ದು. ಅವಳ ಮುಂದೆ ಕೆಳಗೆ ಕೂತು ಒಪ್ಕೊಂಡೆ ಅಂದ್ನಲ್ಲ, ಅದು ಸುಳ್ಳು. ನಾನು ಬಾಯೇ ಬಿಟ್ಟಿರ್ಲಿಲ್ಲ. ಕೈ ತೊಳ್ಕೊಂಡು ಬಂದೋಳು ಅವಳೇ ಸ್ಕ್ರೀನ್ ಹತ್ರ ಮುಖ ತಗೊಂಡು ಹೋಗಿ ನೋಡಿ, "ಇದು ಮೈಲಿ ಅಲ್ವೇನ್ರೀ?" ಅಂದ್ಲು. ನಾನು, "ತಾನೇ ಬದಲಾಗಿರ್ಬೇಕು, ಕಂಪ್ಯೂಟರ್ ಅಲ್ವಾ," ಅಂದೆ. ಅವಳು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, "ಇರ್ಬೇಕು," ಅಂದ್ಲು.